ಭಜ್ಜಿ ಬಿಡಲಿಲ್ಲ, ಚರಗ ಬಿಟ್ಟಳು: ಮನೆಯ ಪದ್ಧತಿ ಮತ್ತು ರೇಸಿನ ಪಣ

(ಡಿಸೆಂಬರ್ ಮೊದಲ ವಾರದ ಯುವಜನರ ಕೂಟದಲ್ಲಿ ಕೊಟ್ಟ ಸಂದೇಶ)

ಹಿಂದ ನಿಂತವರು ಮುಂದ ಬರ್ರಿ, ಜಾಗ ಅದ.

ಇವತ್ತಿನ ಸಂದೇಶ ಒಂದು ಪ್ರಶ್ನೆಯಿಂದ ಬಂದದ್ದು. ಹೋದ ವಾರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. "ಪಾಸ್ಟರ್, ಕ್ರಿಸ್ಮಸ್ ರಜಾದಾಗ ನಮ್ಮ ಮನಿಯವರೆಲ್ಲಾ ಕೂಡಿ ಹೈದರಾಬಾದಿಗೆ ಹೋಗ್ತೀವಿ. ಒಂದು ದಿನ ಕುದುರೆ ರೇಸು. ನಾನು ಸಣ್ಣಾವ ಇದ್ದಾಗಿಂದ ಇದ ನಮ್ಮ ಪದ್ಧತಿ. ಆಳಿಗೆ ನೂರು ರೂಪಾಯಿ ಟಿಕೆಟ್, ಅಷ್ಟ. ಕುಡಿಯೂದಿಲ್ಲ, ಜಗಳ ಇಲ್ಲ, ಎಲ್ಲಾರೂ ನಕ್ಕೋತ ಬರ್ತೀವಿ. ಇದರಾಗ ತಪ್ಪೇನದ?" ಅಂದ.

"ಪಾಪ, ಬಿಟ್ಟುಬಿಡು" ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕಂದ್ರೆ ಆ ತಮ್ಮ ಕೇಳಿದ್ದು ರೇಸಿನ ಬಗ್ಗೆ ಅಷ್ಟೇ ಅಲ್ಲ, ಮನೆಯವರ ಪ್ರೀತಿಯ ಬಗ್ಗೆ ಕೇಳಿದ. ಪ್ರೀತಿ ತುಂಬಿದ ಪದ್ಧತಿಯೊಳಗೆ ಒಂದು ತಪ್ಪು ಸೇರಿಕೊಂಡಿದ್ದರೆ, ತಪ್ಪಿನ ಜೊತೆ ಪ್ರೀತಿಯನ್ನೂ ಬಿಡಬೇಕಾ? ಇಲ್ಲ, ಪ್ರೀತಿ ಉಳಿಸಿಕೊಳ್ಳೋಕೆ ತಪ್ಪನ್ನೂ ಸಹಿಸಿಕೊಳ್ಳಬೇಕಾ? ಇದು ಸಣ್ಣ ಪ್ರಶ್ನೆ ಅಲ್ಲ. ಮತ್ತೆ ಇದು ನನ್ನ ಸ್ವಂತ ಪ್ರಶ್ನೆಯೂ ಹೌದು. ಅದನ್ನ ಮುಂದೆ ಹೇಳ್ತೀನಿ.

ಬೈಬಲ್ ತಂದವರು ತೆಗೀರಿ. ಮೊಬೈಲ್‌ನಲ್ಲಿ ನೋಡೋರು ಮೊದಲು ವಾಟ್ಸಾಪ್ ಮುಚ್ಚಿರಿ. ಮೂರು ಭಾಗ ಗುರುತು ಹಾಕಿಕೊಳ್ಳಿ: ವಿಮೋಚನಕಾಂಡ 12ನೇ ಅಧ್ಯಾಯ 26ನೇ ವಚನ, ಯೆರೆಮೀಯ 35ನೇ ಅಧ್ಯಾಯ, ಮಾರ್ಕ 7ನೇ ಅಧ್ಯಾಯ 8ರಿಂದ 13ನೇ ವಚನ.

ದೇವರು ಮೆಚ್ಚಿದ ಪದ್ಧತಿ, ಯೇಸು ಗದರಿಸಿದ ಪದ್ಧತಿ

ನಮ್ಮ ಪೆಂತೆಕೊಸ್ತ ಸಭೆಗಳಲ್ಲಿ ಒಂದು ರೂಢಿ ಇದೆ. "ಪದ್ಧತಿ", "ಸಂಪ್ರದಾಯ" ಅಂದ ಕೂಡಲೇ ಮುಖ ಸಿಂಡರಿಸ್ತೀವಿ. ನಮಗೆ ಆತ್ಮ ಬೇಕು, ಪದ್ಧತಿ ಬೇಡ ಅಂತೀವಿ. ಆದರೆ ವಾಕ್ಯ ಅಷ್ಟು ಸರಳವಾಗಿ ಮಾತಾಡೋದಿಲ್ಲ.

ಯೆರೆಮೀಯ 35 ನೋಡ್ರಿ. ರೇಕಾಬ್ಯರು ಅಂತ ಒಂದು ಮನೆತನ. ಅವರ ಮೂಲಪುರುಷ ಯೋನಾದಾಬ ಮಕ್ಕಳಿಗೆ ಹೇಳಿಹೋಗಿದ್ದ: ದ್ರಾಕ್ಷಾರಸ ಕುಡಿಯಬೇಡಿ, ಮನೆ ಕಟ್ಟಬೇಡಿ, ಗುಡಾರದಲ್ಲೇ ಇರಿ. ಈ ಯೋನಾದಾಬ ಯಾರು? 2 ಅರಸುಗಳು 10ರಲ್ಲಿ ಯೇಹುವಿನ ರಥ ಹತ್ತಿದವನು. ಯೇಹು ಅಂದರೆ ಕುದುರೆ ಓಡಿಸೋದ್ರಲ್ಲಿ ಹೆಸರಾದ ಮನುಷ್ಯ. ದೂರದಿಂದ ಓಡಿಸೋ ರೀತಿ ನೋಡಿಯೇ ಕಾವಲುಗಾರ ಅವನನ್ನು ಗುರುತು ಹಿಡಿದ. ಅಲ್ಲಿಂದ ಯೆರೆಮೀಯನ ಕಾಲಕ್ಕೆ ಸುಮಾರು 240 ವರ್ಷ. ಅಷ್ಟು ವರ್ಷ ಆದಮೇಲೂ ಪ್ರವಾದಿ ದೇವಾಲಯದ ಕೋಣೆಯಲ್ಲಿ ಅವರ ಮುಂದೆ ದ್ರಾಕ್ಷಾರಸ ಇಟ್ಟರೆ, "ನಾವು ಕುಡಿಯೋದಿಲ್ಲ, ನಮ್ಮ ಹಿರಿಯರು ಬೇಡ ಅಂದಾರ" ಅನ್ನುವ ಅರ್ಥದಲ್ಲಿ ಹೇಳಿದರು. ದೇವರು ಆ ಮನೆತನವನ್ನ ಇಡೀ ಯೆಹೂದಕ್ಕೆ ಮಾದರಿಯಾಗಿ ತೋರಿಸಿದ. ಅಂದರೆ ಮನೆಯ ಪದ್ಧತಿಯನ್ನ ದೇವರು ಮೆಚ್ಚಿದ್ದೂ ಇದೆ. ಆಮೆನ್ ಹೇಳ್ರಿ.

ಈಗ ಮಾರ್ಕ 7. ಅಲ್ಲೂ ಹಿರಿಯರ ಪದ್ಧತಿಯೇ. ಕೊರ್ಬಾನ್ ಅಂತ ಒಂದು ಏರ್ಪಾಡು. ತಂದೆತಾಯಿಗೆ ಸಹಾಯ ಆಗಬೇಕಾದ ರೊಕ್ಕವನ್ನ "ಇದು ದೇವರಿಗೆ ಮೀಸಲು" ಅಂತ ಹೇಳಿಬಿಟ್ಟರೆ, ಆಮೇಲೆ ತಂದೆತಾಯಿಗೆ ಕೊಡಬೇಕಾಗಿಲ್ಲ. ಹೊರಗಿನಿಂದ ನೋಡಿದರೆ ಭಕ್ತಿ. ಒಳಗೆ ನೋಡಿದರೆ ಮನೆಯಲ್ಲಿ ಮುದುಕರು ಕೈಚಾಚಿ ಕೂತಿದ್ದಾರೆ. ಯೇಸು ಅದನ್ನ ಗದರಿಸಿದ. ಪದ್ಧತಿ ಹಳೆಯದು ಅಂತ ಗದರಿಸಲಿಲ್ಲ. ಆ ಪದ್ಧತಿಯ ಖರ್ಚನ್ನ ಬೇರೆ ಯಾರೋ ಕೊಡಬೇಕಾಗಿತ್ತು, ಅದಕ್ಕೆ ಗದರಿಸಿದ.

ಇದನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು ಪದ್ಧತಿಯನ್ನ ಅಳೆಯುವಾಗ "ಎಷ್ಟು ಹಳೆಯದು, ಎಷ್ಟು ಖುಷಿ" ಅಂತ ಕೇಳಿದರೆ ಸಾಲದು. "ಇದರ ಬೆಲೆ ಯಾರು ಕೊಡ್ತಾರೆ?" ಅಂತ ಕೇಳಬೇಕು.

ನಮ್ಮ ಆಯಿಯ ಹೊಲ

ನಮ್ಮದು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೋಗ್ತೀರಲ್ಲ, ಕೆಂಪು ಬಾಳೆಹಣ್ಣಿನ ಊರು. ನಿಮಗೆಲ್ಲಾ ಎಳ್ಳಮಾವಾಸ್ಯೆ ಗೊತ್ತು. ಕ್ರಿಸ್ಮಸ್ ಆಜೂಬಾಜೂನೇ ಬರುತ್ತದೆ. ಆ ದಿನ ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಕಾಳು, ಸೊಪ್ಪು, ಕಾಯಿಪಲ್ಯೆ ಎಲ್ಲಾ ಕೂಡಿಸಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಮೊದಲು ಹೊಲದ ತುಂಬಾ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಊಟ.

ನಮ್ಮ ಮುತ್ಯಾ, ಆಯಿ ಯೇಸುವನ್ನ ನಂಬಿದಾಗ ಮನೆಯಲ್ಲಿ ಇದೇ ಪ್ರಶ್ನೆ ಬಂತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಬೇಕೋ ಬೇಡವೋ? ಭೂಮಿಗೆ ನೈವೇದ್ಯ ಕೊಡೋದು ಈಗ ನಮ್ಮ ನಂಬಿಕೆಗೆ ಒಪ್ಪೋದಿಲ್ಲ. ಆದರೆ ಹೋಗಲಿಲ್ಲ ಅಂದ್ರೆ ಅಣ್ಣತಮ್ಮಂದಿರ ಜೊತೆ ವರ್ಷಕ್ಕೊಮ್ಮೆ ಕೂತು ಉಣ್ಣೋದೂ ಹೋಗ್ತದೆ. ಆಯಿಗೆ ಓದು ಬರಹ ಬರ್ತಿರಲಿಲ್ಲ. ಬೈಬಲ್ ಕಾಲೇಜಿನ ಡಿಪ್ಲೊಮಾ ನನ್ನ ಹತ್ತಿರ ಇದೆ, ಆಕೆಯ ಹತ್ತಿರ ಇರಲಿಲ್ಲ. ಆದರೂ ಆಕೆ ಮಾಡಿದ್ದು ನೋಡ್ರಿ: ಚರಗ ಬಿಟ್ಟಳು, ಭಜ್ಜಿ ಬಿಡಲಿಲ್ಲ. ಹೊಲಕ್ಕೆ ಹೋದಳು, ದೇವರಿಗೆ ಸ್ತೋತ್ರ ಹೇಳಿದಳು, ದೊಡ್ಡ ಪಾತ್ರೆ ತುಂಬಾ ಭಜ್ಜಿ ಮಾಡಿ ಮೊದಲು ಭಾವ ಮೈದುನರಿಗೆ ಬಡಿಸಿದಳು. ಯಾರನ್ನೂ ಹೀಯಾಳಿಸಲಿಲ್ಲ. "ನಿಮ್ಮ ಚರಗ ನೀವು ಚೆಲ್ರಿ, ಊಟಕ್ಕ ಮಾತ್ರ ನಮ್ಮ ಹೊಲಕ್ಕ ಬರ್ರಿ" ಅಂತಿದ್ದಳಂತೆ.

ವಿಮೋಚನಕಾಂಡ 12ರಲ್ಲಿ ದೇವರು ಪಸ್ಕ ಹಬ್ಬ ಕೊಡುವಾಗ, ಮುಂದೆ ಮಕ್ಕಳು "ಇದನ್ನ ಯಾಕೆ ಮಾಡ್ತೀರಿ" ಅಂತ ಕೇಳ್ತಾರೆ, ಆಗ ಉತ್ತರ ಹೇಳಬೇಕು ಅಂತ ಮೊದಲೇ ಹೇಳಿದ್ದಾನೆ. ಮಗುವಿಗೆ ನಾಚಿಕೆ ಇಲ್ಲದೆ ಉತ್ತರ ಹೇಳೋಕೆ ಬರೋ ಪದ್ಧತಿ ಒಳ್ಳೆಯ ಪದ್ಧತಿ. ನಾನು ಸಣ್ಣವನಿದ್ದಾಗ ಆಯಿಯನ್ನ ಕೇಳಿದ್ದೆ, "ಆಯಿ, ನಾವು ಹೊಲಕ್ಕ ಯಾಕ ಬರ್ತೀವಿ?" "ಬೆಳಿ ಕೊಟ್ಟ ದೇವರನ್ನ ನೆನಿಲಾಕ, ಮತ್ತ ನಿಮ್ಮ ಕಾಕಾ ಉಂಡಾನೋ ಇಲ್ಲೋ ನೋಡ್ಲಾಕ" ಅಂದಳು. ಇಷ್ಟೇ. ಇದಕ್ಕಿಂತ ಚಲೋ ಸಂದೇಶ ನಾನು ಇನ್ನೂ ಕೊಟ್ಟಿಲ್ಲ.

ರೇಸಿನ ದಿನ

ಈಗ ನನ್ನ ಅವ್ವನ ಕಡೆ ಬರ್ತೀನಿ. ಅವ್ವನ ತಮ್ಮ, ನನ್ನ ಸೋದರಮಾವ, ಹೈದರಾಬಾದಿನಲ್ಲಿ ನೌಕರಿ. ನಮಗೆ ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 1948ರ ತನಕ ನಾವು ನಿಜಾಮರ ಸಂಸ್ಥಾನದವರೇ. ಆ ಊರಿನ ರೇಸ್ ಮೈದಾನವನ್ನ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1886ರಲ್ಲಿ, ಮೌಲಾ ಅಲಿಯಿಂದ ಮಲಕಪೇಟೆಗೆ ತಂದರು. ಚಳಿಗಾಲದಲ್ಲಿ ಅಲ್ಲಿ ರೇಸ್ ಸೀಸನ್. ಕ್ರಿಸ್ಮಸ್ ಮುಗಿಸಿ ನಾವು ರೈಲು ಹತ್ತಿ ಹೋದರೆ, ಆಮೇಲೆ ಬರೋ ಮೊದಲ ರೇಸಿನ ದಿನ ಮಾಮಾ ದೊಡ್ಡ ಹುಡುಗರನ್ನೆಲ್ಲಾ ಕರ್ಕೊಂಡು ಹೋಗ್ತಿದ್ರು. ಅದು ಮಾಮಾನ ಪದ್ಧತಿ.

ನನಗೆ 19 ವರ್ಷ ಆದಾಗ ಮೊದಲ ಸಲ ಹೋದೆ. ಸುಳ್ಳು ಹೇಳೋದಿಲ್ಲ, ಬಹಳ ಚಂದ ಇತ್ತು. ಓಟಕ್ಕೆ ಮೊದಲು ಕುದುರೆಗಳನ್ನ ಒಂದು ಸುತ್ತು ನಡೆಸ್ತಾರೆ. ಮೈ ಎಣ್ಣೆ ಹಚ್ಚಿದಂಗ ಹೊಳೀತಾವ, ಜಾಕಿಗಳು ಬಣ್ಣಬಣ್ಣದ ಅಂಗಿ ಹಾಕಿರ್ತಾರೆ. ಯೋಬನ ಗ್ರಂಥ 39ನೇ ಅಧ್ಯಾಯದಲ್ಲಿ ದೇವರೇ ಕುದುರೆಯನ್ನ ವರ್ಣನೆ ಮಾಡ್ತಾನೆ, ಮನೆಗೆ ಹೋಗಿ ಓದ್ರಿ. ಸೃಷ್ಟಿಕರ್ತ ತನ್ನ ಕೈಕೆಲಸ ನೋಡಿ ಹೆಮ್ಮೆಪಡೋ ಹಾಗಿದೆ. ಕುದುರೆ ಓಡೋದು ನೋಡೋದು ಪಾಪ ಅಲ್ಲ.

1,200 ಮೀಟರ್ ಓಟ ಅಂದ್ರೆ ಒಂದು ನಿಮಿಷದ ಮೇಲೆ ಹತ್ತು ಹದಿನೈದು ಸೆಕೆಂಡು. ಮಾಮಾ ನೂರು ರೂಪಾಯಿ ಕೈಗಿಟ್ಟು, "ತಮ್ಮಾ, ನೀ ಒಂದು ಆರಿಸು" ಅಂದ್ರು. ಆರಿಸಿದೆ. ಗೆದ್ದಿತು. 640 ರೂಪಾಯಿ ಬಂತು. ಮಾಮಾ ನನ್ನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಅಳಿಯಂದು ನೋಡ್ರೋ ನಸೀಬು" ಅಂತ ಸುತ್ತ ಇದ್ದವರಿಗೆಲ್ಲಾ ಹೇಳಿದ್ರು. ಆ ಕೈ ಇವತ್ತೂ ಹೆಗಲ ಮೇಲೆ ಇದ್ದಂಗ ಅನಿಸ್ತದೆ.

ಆ ದಿನ ನಾನು ಸೋತಿದ್ದರೆ ಚಲೋ ಇತ್ತು.

ತಂಗಿಯ ಫೀಸು

ಎರಡು ವರ್ಷದ ಮೇಲೆ ನಾನು ಇಲ್ಲೇ ಕಲಬುರಗಿಯಲ್ಲಿ ಬಿ.ಕಾಂ. ಓದ್ತಿದ್ದೆ. ಐಪಿಎಲ್ ನಡೀತಿತ್ತು. ಹಾಸ್ಟೆಲಿನ ಗೆಳೆಯನೊಬ್ಬನಿಗೆ ಫೋನಿನಲ್ಲಿ ಬೆಟ್ಟಿಂಗ್ ತಗೊಳ್ಳೋರ ಪರಿಚಯ ಇತ್ತು. ಮೊದಲ ದಿನ ನೂರು ರೂಪಾಯಿ. ನನಗೆ ಹೆದರಿಕೆ ಆಗಲೇ ಇಲ್ಲ. ಯಾಕಂದ್ರೆ ನನ್ನ ಮನಸ್ಸಿನಲ್ಲಿ ಪಣ ಅಂದ್ರೆ ಮಾಮಾನ ಕೈ, ಮನೆಯವರ ನಗು, ಕ್ರಿಸ್ಮಸ್ ರಜೆ. ಅಪರಿಚಿತನಾಗಿ ಬಂದಿದ್ದರೆ ಬಾಗಿಲು ಹಾಕ್ತಿದ್ದೆ. ಮನೆಯವನ ಹಾಗೆ ಬಂತು, ಕೂರಿಸಿದೆ.

ಒಂದೂವರೆ ತಿಂಗಳು. ಕೊನೆಗೆ ಅಪ್ಪ ನನ್ನ ಕೈಯಲ್ಲಿ 18,000 ರೂಪಾಯಿ ಕೊಟ್ಟು, ತಂಗಿಯ ನರ್ಸಿಂಗ್ ಫೀಸ್ ಕಟ್ಟಿ ಬಾ ಅಂದಿದ್ದರು. ಆಯಿಯ ಬಾಳೆತೋಟದ ರೊಕ್ಕ ಅದು. ಸೋತದ್ದನ್ನ ಒಂದೇ ರಾತ್ರಿ ವಾಪಸ್ ತಗೋಬೇಕು ಅಂತ ಅದನ್ನೂ ಹಾಕಿದೆ. ಹೋಯ್ತು. ತಂಗಿಗೆ ಒಂದು ವರ್ಷ ಹೋಯ್ತು. ಆಕೆ ಈಗ ನರ್ಸ್ ಆಗಿದ್ದಾಳೆ, ದೇವರಿಗೆ ಸ್ತೋತ್ರ. ಇದನ್ನ ಹೇಳೋಕೆ ಆಕೆಯ ಅಪ್ಪಣೆ ಕೇಳಿದ್ದೀನಿ. "ಹೇಳಣ್ಣ, ಆದ್ರ ನಾ ಅತ್ತಿದ್ದನ್ನ ಹೇಳಬ್ಯಾಡ" ಅಂದಳು. ಅದಕ್ಕೆ ಹೇಳೋದಿಲ್ಲ.

ಮಾರ್ಕ 7 ಈಗ ನೆನಪು ಮಾಡ್ಕೊಳ್ರಿ. ಮನೆಯವರಿಗೆ ಸೇರಬೇಕಾದ ರೊಕ್ಕ. ಅದು ನನ್ನ ಕೊರ್ಬಾನ್.

"ಆದರೆ ಪಾಸ್ಟರ್..."

ನೀವು ಓದಿದ ಹುಡುಗರು, ವಾದ ಮಾಡ್ತೀರಿ. ಮಾಡಬೇಕು. ಒಂದೊಂದೇ ತಗೋಣ.

ಮೊದಲನೆಯದು: "ರೇಸು ಕಾನೂನುಬದ್ಧ." ನಿಜ. 1996ರಲ್ಲಿ ಸುಪ್ರೀಂ ಕೋರ್ಟು, ಮದ್ರಾಸಿನ ರೇಸಿಗೆ ಸಂಬಂಧಪಟ್ಟ ಲಕ್ಷ್ಮಣನ್ ಪ್ರಕರಣದಲ್ಲಿ, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಬರೀ ನಸೀಬಿನ ಜೂಜಲ್ಲ ಅಂತ ಹೇಳಿತು. ಕುದುರೆಯ ವಂಶ, ಹಿಂದಿನ ಓಟಗಳು, ಜಾಕಿ, ಹೊರುವ ತೂಕ, ಎಲ್ಲಾ ಅಭ್ಯಾಸ ಮಾಡಿ ಆರಿಸೋರು ಇದ್ದಾರೆ. ಒಪ್ಪಿದೆ. ಆದರೆ ಕೋರ್ಟು ಉತ್ತರ ಕೊಟ್ಟದ್ದು "ಇದಕ್ಕೆ ಶಿಕ್ಷೆ ಇದೆಯಾ" ಅನ್ನೋ ಪ್ರಶ್ನೆಗೆ. "ನನ್ನ ನೆರೆಯವನನ್ನ ಪ್ರೀತಿಸಿದಂಗಾಯ್ತಾ" ಅನ್ನೋ ಪ್ರಶ್ನೆ ಕೋರ್ಟಿನದಲ್ಲ, ನಮ್ಮದು. ಮತ್ತೆ ಕೌಶಲ ಇದ್ದರೆ ವಿಷಯ ಹಗುರ ಆಗೋದಿಲ್ಲ, ಭಾರ ಆಗ್ತದೆ. ಬರೀ ನಸೀಬಾದರೆ ಎಲ್ಲರೂ ಸಮ. ಕೌಶಲ ಅಂದ್ರೆ ತಿಳಿದವನು ತಿಳಿಯದವನ ರೊಕ್ಕ ತಗೊಂಡ ಅಂತ ಅರ್ಥ.

ಎರಡನೆಯದು: "ವ್ಯಾಪಾರದಲ್ಲೂ ರಿಸ್ಕ್ ಇಲ್ಲೇನು?" ನಾನು ವಾರದ ದಿನಗಳಲ್ಲಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ರಿಸ್ಕ್ ಏನಂತ ನನಗೆ ಗೊತ್ತು. ತೊಗರಿ ಬಿತ್ತಿದ ರೈತ ಮಳೆಯ ಮೇಲೆ ಭರವಸೆ ಇಡ್ತಾನೆ. ಆದರೆ ಅವನ ತೊಗರಿ ಚಲೋ ಬರಬೇಕಾದರೆ ಪಕ್ಕದ ಹೊಲದವನ ತೊಗರಿ ಒಣಗಬೇಕಾಗಿಲ್ಲ. ಇಬ್ಬರ ಬೆಳೆಯೂ ಬರಬಹುದು, ಬೇಳೆ ಯಾರದೋ ಮನೆಯಲ್ಲಿ ಕುದಿಯುತ್ತದೆ.

ರೇಸಿನ ಟೋಟ್ ಲೆಕ್ಕ ಬೇರೆ. ಎಲ್ಲರ ರೊಕ್ಕ ಒಂದು ಕಡೆ ಕೂಡಿಸ್ತಾರೆ. ಕ್ಲಬ್ಬಿನ ಪಾಲು, ಸರ್ಕಾರದ ಪಾಲು ಹೋಗ್ತದೆ. ಸರ್ಕಾರದ ಪಾಲೂ ಸಣ್ಣದಲ್ಲ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್. ಉಳಿದದ್ದನ್ನ ಗೆದ್ದವರಿಗೆ ಹಂಚ್ತಾರೆ. ನನ್ನ 640 ರೂಪಾಯಿ ಕುದುರೆ ಕೊಟ್ಟದ್ದಲ್ಲ. ಆ ದಿನ ಮೈದಾನದಲ್ಲಿ ಯಾರ್‍ಯಾರೋ ಸೋತರಲ್ಲ, ಅವರ ಜೇಬಿನಿಂದ ಬಂದದ್ದು. ನನ್ನ ಲೆಜರಿನಲ್ಲಿ ಜಮಾ ಆಗಬೇಕಾದರೆ ಇನ್ನೊಬ್ಬನ ಲೆಜರಿನಲ್ಲಿ ಖರ್ಚು ಬೀಳಲೇಬೇಕು. ಬೇರೆ ದಾರಿಯೇ ಇಲ್ಲ.

ಇದನ್ನ ಹೇಳಿದವರಲ್ಲಿ ನಾನು ಮೊದಲಿಗನಲ್ಲ. ಯೇಸು ಹುಟ್ಟುವ ಮುನ್ನೂರು ವರ್ಷಕ್ಕೂ ಹಿಂದೆ ಗ್ರೀಕರ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ 4ನೇ ಭಾಗದಲ್ಲಿ, ಪಗಡೆಯಾಡುವವನು ಯಾರಿಗೆ ಕೊಡಬೇಕೋ ಆ ಸ್ನೇಹಿತರಿಂದಲೇ ಲಾಭ ಮಾಡಿಕೊಳ್ತಾನೆ ಅಂತ ಹೇಳಿ ಅವನನ್ನ ಕಳ್ಳರ ಸಾಲಿನಲ್ಲಿ ಕೂರಿಸಿದ. ಜಾನ್ ವೆಸ್ಲಿ 1760ರಲ್ಲಿ ಅಚ್ಚಾದ ಹಣದ ಉಪಯೋಗದ ಪ್ರಸಂಗದಲ್ಲಿ, ಗಳಿಸಬೇಕು, ಆದರೆ ನೆರೆಯವನ ಆಸ್ತಿಗೆ ಹಾನಿ ಮಾಡಿ ಗಳಿಸಬಾರದು ಅಂತ ಹೇಳಿ ಜೂಜನ್ನ ಅದೇ ಪಟ್ಟಿಯಲ್ಲಿ ಇಟ್ಟರು.

ಮೂರನೆಯದು: "ಸೋತವನು ತಾನಾಗಿಯೇ ಹಾಕಿದ್ದಲ್ವಾ?" ಹೌದು, ಅವನು ಒಪ್ಪಿ ಹಾಕಿದ. ಅವನ ಹೆಂಡತಿ ಒಪ್ಪಿದ್ದಳಾ? ನನ್ನ ತಂಗಿ ಯಾರ ಫೋನಿನಲ್ಲೂ ಪಣ ಹೇಳಿರಲಿಲ್ಲ. ಆದರೂ ಸೋತವಳು ಆಕೆ. ನಮ್ಮ ನಾಡಿನಲ್ಲಿ ಪ್ರತಿ ಮನೆಗೂ ಗೊತ್ತಿರೋ ಪಗಡೆಯ ಕಥೆಯಲ್ಲೂ, ಆಡಿದವರು ಗಂಡಸರು, ಸಭೆಗೆ ಎಳೆದು ತಂದದ್ದು ಹೆಣ್ಣುಮಗಳನ್ನ.

ನಾಲ್ಕನೆಯದು: "ಸಿನಿಮಾಕ್ಕೂ ನೂರಿನ್ನೂರು ಹೋಗ್ತದಲ್ಲ, ಇದೂ ಮನರಂಜನೆ ಅಂತ ತಿಳ್ಕೊಂಡ್ರಾಯ್ತು." ಇದು ಗಟ್ಟಿ ವಾದ. ನೂರು ರೂಪಾಯಿ ಟಿಕೆಟ್ ತಗೊಂಡವನು ಕಳ್ಳ, ನರಕಕ್ಕೆ ಹೋದ ಅಂತ ನಾನು ಹೇಳೋದಿಲ್ಲ. ದೇವರು ನನ್ನನ್ನ ನ್ಯಾಯಾಧೀಶ ಮಾಡಿಲ್ಲ. ಆದರೆ ಸಿನಿಮಾ ಟಿಕೆಟ್ಟು "ಇನ್ನೊಂದು ಸಲ ಹಾಕು, ಹೋದದ್ದು ಬರ್ತದೆ" ಅಂತ ಕಿವಿಯಲ್ಲಿ ಹೇಳೋದಿಲ್ಲ. 1 ಕೊರಿಂಥ 6:12ರಲ್ಲಿ ಪೌಲ ಹೇಳೋ ಅರ್ಥ ಇದೇ: ನನಗೆ ಅನುಮತಿ ಇರಬಹುದು, ಆದರೆ ಯಾವುದೂ ನನ್ನನ್ನ ಆಳಬಾರದು. ನಿನ್ನನ್ನ ಆಳಲಿಕ್ಕಿಲ್ಲ. ನಿನ್ನ ಪಕ್ಕದಲ್ಲಿ ನಿಂತ 19 ವರ್ಷದ ಅಳಿಯನನ್ನ? ಮಾಮಾನನ್ನ ಅದು ಆಳಲಿಲ್ಲ. ಅವರು ವರ್ಷಕ್ಕೆ ಒಂದು ದಿನ ಆಡಿ, ಮರೆತು, ನೌಕರಿಗೆ ಹೋದರು. ನನ್ನನ್ನ ಆಳಿತು. ಪದ್ಧತಿಯನ್ನ ಕೈಗೆ ಕೊಡುವವನಿಗೆ ಅದು ತೆಗೆದುಕೊಳ್ಳುವವನ ಒಳಗೆ ಏನಾಗ್ತದೆ ಅಂತ ಗೊತ್ತಿರೋದಿಲ್ಲ.

ಹಾಗಾದರೆ ಮಾಮಾನ ಜೊತೆ ಏನು ಮಾಡಬೇಕು?

ನಾನು ತಪ್ಪು ಮಾಡಿದೆ. ರಕ್ಷಣೆ ಹೊಂದಿ, ಬೈಬಲ್ ಕಾಲೇಜು ಮುಗಿಸಿ ಬಂದ ವರ್ಷ ಮಾಮಾ ಎಂದಿನಂತೆ ಕರೆದರು. ನಾನು ಎಲ್ಲರ ಮುಂದೆ, ಊಟದ ಹೊತ್ತಿನಲ್ಲಿ, "ಅದು ಸೈತಾನನ ಜಾಗ, ನಾ ಬರೂದಿಲ್ಲ" ಅಂದೆ. ಮಾಮಾನ ಮುಖ ಸಣ್ಣಗಾಯ್ತು. "ನಾ ನಿಮ್ಮನ್ನ ಪ್ರೀತಿಲೆ ಕರ್ಕೊಂಡು ಹೋಗ್ತಿದ್ದೆ, ತಮ್ಮಾ" ಅಂದ್ರು. ಆಮೇಲೆ ಒಂದು ವರ್ಷ ಮಾತಿಲ್ಲ. ನನ್ನ ಮಾತಿನ ಸಾರ ಸರಿ ಇತ್ತು, ಆದರೆ ಮಾತಿನಲ್ಲಿ ಪ್ರೀತಿ ಇರಲಿಲ್ಲ. ಪಣ ಬಿಡೋಕೆ ಹೋಗಿ ಹೆಗಲ ಮೇಲಿನ ಕೈಯನ್ನೂ ಕೊಡವಿಬಿಟ್ಟೆ.

ಆಗ ನೆನಪಾದದ್ದು ಆಯಿಯ ಭಜ್ಜಿ. ಆಕೆ ಬರೀ "ಬೇಡ" ಅಂತ ಹೇಳಿ ಮನೆಯಲ್ಲಿ ಕೂರಲಿಲ್ಲ. ಬೇಡವಾದದ್ದನ್ನ ತೆಗೆದು, ಆ ಜಾಗದಲ್ಲಿ ತನ್ನ ಕೈಯಾರೆ ಒಂದು ಊಟ ಇಟ್ಟಳು. ನಾವು ಯುವಕರು ಮಾಡೋ ತಪ್ಪು ಇದೇ. ಬಿಡೋದು ಗೊತ್ತು, ಬಡಿಸೋದು ಗೊತ್ತಿಲ್ಲ.

ಮರುವರ್ಷ ನಾನೇ ಹೈದರಾಬಾದಿಗೆ ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ, ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ತಂಗಿಯ ಫೀಸಿನ ಕಥೆ ಹೇಳಿದೆ. ಮಾಮಾಗೆ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. "ನಾ ಕೊಟ್ಟ ನೂರು ರೂಪಾಯಿಂದ ಸುರು ಆಯ್ತೇನೋ?" ಅಂದ್ರು. "ಇಲ್ಲ ಮಾಮಾ, ನನ್ನ ದುರಾಶೆಯಿಂದ" ಅಂದೆ. ಎರಡೂ ನಿಜ ಇರಬಹುದು. ಹೊರಡುವಾಗ ಹೇಳಿದೆ, "ಈ ಸಲ ನೀವು ಕಮಲಾಪುರಕ್ಕ ಬರ್ರಿ. ಎಳ್ಳಮಾವಾಸ್ಯಿ ಊಟ ನಮ್ಮ ಹೊಲದಾಗ."

ಬಂದರು. ಭಜ್ಜಿ ಎರಡು ಸಲ ಹಾಕಿಸ್ಕೊಂಡ್ರು. ಮಧ್ಯಾಹ್ನ ಹುಡುಗರನ್ನ ಹೊಲದ ಬದುವಿನ ಮೇಲೆ ನಿಲ್ಲಿಸಿ ಓಟದ ಪಂದ್ಯ ಇಟ್ಟರು. ಗೆದ್ದವರಿಗೂ ಒಂದು ಕೆಂಪು ಬಾಳೆಹಣ್ಣು, ಸೋತವರಿಗೂ ಒಂದು. ಯಾರ ಜೇಬೂ ಖಾಲಿ ಆಗಲಿಲ್ಲ. ಈಗ ಅದು ನಮ್ಮ ಪದ್ಧತಿ. ಮಾಮಾ ರೇಸಿಗೆ ಹೋಗೋದು ಪೂರ್ತಿ ಬಿಟ್ಟಿಲ್ಲ, ನಾನು ಇದನ್ನ ದೊಡ್ಡ ಸಾಕ್ಷಿ ಮಾಡಿ ಹೇಳೋದಿಲ್ಲ. ಆದರೆ ಹುಡುಗರನ್ನ ಕರ್ಕೊಂಡು ಹೋಗೋದು ಬಿಟ್ಟಿದ್ದಾರೆ. ನಾನು ಪ್ರಾರ್ಥನೆ ಮಾಡ್ತಾ ಇದ್ದೀನಿ.

ಮುಗಿಸುವ ಮುಂಚೆ

ಆ ತಮ್ಮನಿಗೆ ನನ್ನ ಉತ್ತರ ಇದು. ಹೈದರಾಬಾದಿಗೆ ಹೋಗು. ಮನೆಯವರ ಜೊತೆ ಇರು. ಟಿಕೆಟ್ ಕೈಗೆ ಬಂದಾಗ ಮೆತ್ತಗೆ "ನನಗೆ ಬೇಡ" ಅನ್ನು, ಭಾಷಣ ಮಾಡಬೇಡ. ಯಾಕೆ ಅಂತ ಕೇಳಿದರೆ ಹೇಳು: ಗೆದ್ದರೆ ಯಾರದೋ ಮನೆಯ ಫೀಸು ನನ್ನ ಜೇಬಿಗೆ ಬರ್ತದೆ, ಅದು ನನಗೆ ಬೇಡ. ಮತ್ತೆ ಮುಂದಿನ ವರ್ಷಕ್ಕೆ ಮನೆಯವರೆಲ್ಲಾ ಕೂಡೋಕೆ ಇನ್ನೊಂದು ದಿನ, ಇನ್ನೊಂದು ಜಾಗ ನೀನೇ ಏರ್ಪಾಡು ಮಾಡು. ಖರ್ಚು ನೀನು ಹಾಕು.

ಇಲ್ಲಿ ಕೂತವರಲ್ಲಿ ಕೆಲವರ ಪ್ರಶ್ನೆ ರೇಸಿನದಲ್ಲ, ಜೇಬಿನಲ್ಲಿರೋ ಫೋನಿನದು ಅಂತ ನನಗೆ ಗೊತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಹಾಕಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡೋ ಕಾನೂನು ತಂದಿದೆ. ಕಾನೂನು ಆ್ಯಪ್ ಮುಚ್ಚಬಹುದು, ಆಸೆಯನ್ನ ಮುಚ್ಚಲಾರದು. ಸಾಲ ಆಗಿದ್ದರೆ, ಮನೆಯಲ್ಲಿ ಹೇಳೋಕೆ ಆಗದೆ ಸಾಯೋ ಯೋಚನೆ ಬರ್ತಿದ್ದರೆ, ಒಬ್ಬನೇ ಇರಬೇಡ. ಕೂಟ ಮುಗಿದ ಮೇಲೆ ನನ್ನ ಹತ್ತಿರ ಬಾ, ಬೈಯೋದಿಲ್ಲ. ನಾನೂ ಅದೇ ಬೆಂಚಿನಲ್ಲಿ ಕೂತವನು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಡಾಕ್ಟರ ಸಹಾಯ ಕೇಳೋದು ನಂಬಿಕೆ ಕಮ್ಮಿ ಆಯ್ತು ಅಂತಲ್ಲ.

ಕಣ್ಣು ಮುಚ್ಚಿರಿ, ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಮನೆಗಳಿಗಾಗಿ ಸ್ತೋತ್ರ. ನಮ್ಮ ಹೆಗಲ ಮೇಲೆ ಕೈ ಹಾಕಿ ಬೆಳೆಸಿದ ಹಿರಿಯರಿಗಾಗಿ ಸ್ತೋತ್ರ. ಅವರು ಕೊಟ್ಟದ್ದರಲ್ಲಿ ಯಾವುದನ್ನ ಇಟ್ಟುಕೊಳ್ಳಬೇಕು, ಯಾವುದನ್ನ ಮೆತ್ತಗೆ ಕೆಳಗಿಡಬೇಕು ಅನ್ನೋ ಬುದ್ಧಿ ಕೊಡು. ನಮ್ಮ ಖುಷಿಯ ಬೆಲೆಯನ್ನ ಇನ್ನೊಬ್ಬರ ತಂಗಿ ಕೊಡದಂತೆ ನಮ್ಮನ್ನ ಕಾಪಾಡು. ನಾಳೆ ನಮ್ಮ ಮಕ್ಕಳು "ಇದನ್ನ ಯಾಕೆ ಮಾಡ್ತೀವಿ" ಅಂತ ಕೇಳಿದಾಗ ತಲೆ ತಗ್ಗಿಸದೆ ಉತ್ತರ ಹೇಳುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.